ಮನೆವಾರ್ತೆ: ನಿಂತುಹೋಗುವ ಪಿಯಾನೋ ಕೊಳ್ಳಬಹುದೆ?



ಈ ಸಲ ನಮ್ಮ ಮನೆಯದೇ ಒಂದು ಸಮಾಚಾರವನ್ನು ನಿಮ್ಮ ಮುಂದೆ ಇಡುತ್ತೇವೆ. ನಾವೊಂದು ಪಿಯಾನೋ ಕೊಂಡೆವು. ಪಿಯಾನೋ ಎಂದೊಡನೆ ಹುಬ್ಬೇರಿಸಬೇಡಿರಿ. ಸಾಹೇಬರ ಬಂಗಲೆಯಲ್ಲಿರುತ್ತಿದ್ದ, ನಾಲ್ಕಾರು ಆಳು ಹೊರಬೇಕಾದ ಪಿಯಾನೋ ಇದಲ್ಲ. ವಿದ್ಯುತ್ತಿನಿಂದ ನಡೆಯುವ ಡಿಜಿಟಲ್ ಪಿಯಾನೋ. ಹನ್ನೊಂದು ಹನ್ನೆರಡು ಕಿಲೋ ತೂಗುತ್ತದೆ. ಖಾರಘರದ ನಮ್ಮ ಎರಡು ಕೋಣೆಯ ಬಿಡಾರದಲ್ಲಿಯೂ ಗೋಡೆಗೆ ಒತ್ತಿ ಕೂಡುತ್ತದೆ.

ನಮ್ಮ ಮಗಳು ನಾಲ್ಕು ವರ್ಷದಿಂದ 61 ಕೀಗಳ ಒಂದು ಸಣ್ಣ ಕೀಬೋರ್ಡಿನ ಮೇಲೆ ಕಲಿಯುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳ ಟೀಚರು, “ಇನ್ನು 88 ಕೀಗಳ ವಾದ್ಯವೇ ಬೇಕು, ಕೀಗಳಿಗೆ ತೂಕವೂ ಇರಬೇಕು, ಇಲ್ಲದಿದ್ದರೆ ಬೆರಳು ಮುಂದಕ್ಕೆ ಕಲಿಯುವುದಿಲ್ಲ” ಎಂದು ಹೇಳಿ ಕಳಿಸಿದರು. ನಿಜವಾದ ಪಿಯಾನೋದಲ್ಲಿ ಕೀ ಒತ್ತಿದರೆ ಸಣ್ಣ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಡಿಜಿಟಲ್ ವಾದ್ಯದಲ್ಲಿ ತಂತಿಯಿಲ್ಲ. ಮುದ್ರಿಸಿಟ್ಟ ಧ್ವನಿಯೇ ಹೊರಡುತ್ತದೆ. ಆದರೆ ಬೆರಳಿಗೆ ಅದೇ ಭಾರ ತಿಳಿಯಲೆಂದು ಕೀಗಳ ಕೆಳಗೆ ಸುತ್ತಿಗೆಯಂಥ ತೂಕಗಳನ್ನಿಟ್ಟಿರುತ್ತಾರೆ.

ಬ್ಯಾಂಕಿನಲ್ಲಿ ನಮ್ಮ ಗಂಟು ಇತ್ತು ನಿಜ. ಆದರೆ ಅದು ಗದಗಿನ ಮನೆಯ ಮಾಳಿಗೆಗೆಂದು ಕೂಡಿಸಿದ್ದು. ಎರಡು ಮಳೆಗಾಲದಿಂದ ಅಲ್ಲಿ ದೇವರ ಕೋಣೆ ಸೋರುತ್ತಿದೆ. ಬಾಯಿಬಿಟ್ಟು ಕೇಳದಿದ್ದರೂ ಅವ್ವನ ಮನಸ್ಸೆಲ್ಲ ಆ ಮಾಳಿಗೆಯ ಮೇಲೆಯೇ ಇತ್ತು.

ಒಂದು ಶನಿವಾರ ನಾವು ಮೂವರೂ ಹಾರ್ಬರ್ ಲೈನಿನ ಗಾಡಿ ಹಿಡಿದು ಸಿಎಸ್‌ಎಂಟಿಗೆ ಹೋಗಿ, ಅಲ್ಲಿಂದ ನಡೆದು ಧೋಬಿ ತಲಾವ್ ಕಡೆಯ ಒಂದು ವಾದ್ಯದಂಗಡಿಯನ್ನು ಹೊಕ್ಕೆವು. ಅಂಗಡಿಯವನು ಎರಡು ಪಿಯಾನೋ ತೋರಿಸಿದ. ಒಂದು ಹೊಸ ಮಾದರಿ. ಇನ್ನೊಂದು ಅದರ ಹಿಂದಿನದು. “ಇದನ್ನು ಕಂಪನಿ ನಿಲ್ಲಿಸುತ್ತಿದೆ, ಎರಡೇ ಉಳಿದಿವೆ, ಇಂದೇ ಒಯ್ದರೆ ಬೆಲೆ ಇಳಿಸಿ ಕೊಡುತ್ತೇನೆ” ಎಂದ. ಹೊಸದನ್ನು ಕೊಂಡರೆ ಮಾಳಿಗೆ ಇನ್ನೊಂದು ಮಳೆಗಾಲ ಸೋರಬೇಕು. ಹಳೆಯದನ್ನು ಕೊಂಡರೆ ಎರಡೂ ಸಾಗುತ್ತವೆ. ಆದರೂ ನಿಂತುಹೋಗುವ ಸಾಮಾನಿಗೆ ದುಡ್ಡು ಸುರಿಯುವುದೆ?

“ನಾಳೆ ಕೆಟ್ಟರ ಇದರ ಸಾಮಾನು ಎಲ್ಲಿ ಹುಡುಕೂದ್ರಿ?” ಎಂದರು ನಮ್ಮ ಮನೆಯವರು. ಮಗಳು ಮಾತಾಡಲಿಲ್ಲ. ಬರಿಗೈಯಲ್ಲಿ ಮರಳಿದೆವು.

ಮನೆಯಲ್ಲಿ ಅವ್ವ ಎಲ್ಲವನ್ನೂ ಕೇಳಿ, ಮೂಲೆಯಲ್ಲಿದ್ದ ಅಪ್ಪನ ಪೇಟಿಯತ್ತ ಕೈ ತೋರಿಸಿದಳು. ಅಪ್ಪ ಊರಿನ ನಾಟಕಗಳಿಗೆ ಬಾರಿಸುತ್ತಿದ್ದ ಹಾರ್ಮೋನಿಯಂ ಅದು. “ತಮ್ಮಾ, ಇದನ್ನ ಮಾಡಿದಾವ ಎಂದೋ ಹೋದ, ಅವನ ಅಂಗಡೀನೂ ಮುಚ್ಚಿತು. ಹುಬ್ಬಳ್ಯಾಗ ತಿದಿ ಹಾಕಿಕೊಡಾವ ಇದ್ದ, ಅದಕ್ಕ ಪೇಟಿ ಉಳೀತು. ಮಾಡಾವ್ರು ಇದ್ದಾರೇನಂತ ಕೇಳಬ್ಯಾಡ. ದುರಸ್ತಿ ಮಾಡಾವ್ರು ಇದ್ದಾರೇನಂತ ಕೇಳು.”

ಯೋಚಿಸಿ ನೋಡಿದರೆ ಪೇಟಿಯ ಕಥೆಯೆಲ್ಲ ಇದೇ. 1840ರ ದಶಕದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನ ಡೆಬೈನ್ ಎಂಬವನು ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದ. ಇಪ್ಪತ್ತನೆಯ ಶತಮಾನದಲ್ಲಿ ಯುರೋಪಿನ ಕಾರಖಾನೆಗಳು ಅದನ್ನು ಹೆಚ್ಚುಕಡಿಮೆ ಕೈಬಿಟ್ಟವು. ನಮ್ಮ ದೇಶದಲ್ಲಿಯೂ 1940ರಲ್ಲಿ ರೇಡಿಯೋದವರು ಅದನ್ನು ಹೊರಗೆ ಹಾಕಿದರು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷವೂ ಪೇಟಿ ಬದುಕಿತು. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥವರು (1917–2010) ಬಾರಿಸಿದರು, ಕಲಿಸಿದರು. ಊರೂರಿನ ಕುಶಲಿಗಳು ರೀಡು ತಿದ್ದಿ ತಿದಿ ಹಾಕಿದರು.

ಅವ್ವನ ಪ್ರಶ್ನೆಯನ್ನು ಹೊತ್ತುಕೊಂಡು ನಾವು ದಾದರಿನಲ್ಲಿ ಕೀಬೋರ್ಡು ದುರಸ್ತಿ ಮಾಡುವವರೊಬ್ಬರನ್ನು ಕಂಡೆವು. ಅವರು ಹೇಳಿದ್ದು ನಿಮಗೂ ಉಪಯೋಗವಾದೀತು. ಇಂಥ ವಾದ್ಯದಲ್ಲಿ ಸಾಮಾನ್ಯವಾಗಿ ಸವೆಯುವುದು ಕೀಗಳ ಕೆಳಗಿನ ರಬ್ಬರು ಪಟ್ಟಿ. ಅದು ಸವೆದರೆ ಅಥವಾ ಅಲ್ಲಿ ಧೂಳು ಕೂತರೆ ಒಂದು ಕೀ ಕೂಗುತ್ತದೆ, ಇನ್ನೊಂದು ಮೂಕವಾಗುತ್ತದೆ. ಆ ಪಟ್ಟಿಯನ್ನು ಬದಲಿಸಬಹುದು. ಅಡಾಪ್ಟರನ್ನೂ ಪೆಡಲನ್ನೂ ಬದಲಿಸಬಹುದು. ಒಳಗಿನ ಮುಖ್ಯ ಬೋರ್ಡು ಸುಟ್ಟರೆ ಮಾತ್ರ ಕಷ್ಟ. ಆದ್ದರಿಂದ ಸಿಡಿಲು ಗುಡುಗಿನ ಹೊತ್ತಿನಲ್ಲಿ ಪ್ಲಗ್ಗು ಕಿತ್ತಿಡಬೇಕು. ಒಂದೇ ಕಂಪನಿಯ ಅಕ್ಕಪಕ್ಕದ ಮಾದರಿಗಳಲ್ಲಿ ಎಷ್ಟೋ ಭಾಗಗಳು ಒಂದೇ ಆಗಿರುವುದೂ ಉಂಟಂತೆ. 1983ರಲ್ಲಿ ಬಂದ ಮಿಡಿ ಎಂಬ ಏರ್ಪಾಡು ಇಂದಿಗೂ ನಡೆಯುತ್ತಿರುವುದರಿಂದ, ಅದಿರುವ ಹಳೆಯ ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸಿ ಹೊಸ ಧ್ವನಿ ಹೊರಡಿಸಲೂಬಹುದು.

ಹಾಗೆಂದು ಹೊಸತೆಲ್ಲ ಬರಿಯ ಥಳಕೆಂದು ತಿಳಿಯಬಾರದು. ಯಮಾಹಾದ ಪಿ-45 ಬಂದದ್ದು 2015ರಲ್ಲಿ; ಅದರ ಜಾಗಕ್ಕೆ 2023ರಲ್ಲಿ ಪಿ-145 ಬಂತು. ಎರಡರಲ್ಲೂ ಒಮ್ಮೆಗೆ 64 ಸ್ವರ ಹೊರಡುತ್ತವೆ; ಹೊಸದು ತುಸು ತೆಳ್ಳಗಿದೆ, ಕೀಗಳ ರಚನೆ ಬೇರೆ. ರೋಲಾಂಡಿನ ಎಫ್‌ಪಿ-30 ಎಂಬುದರಲ್ಲಿ 128 ಸ್ವರಗಳಿದ್ದರೆ, 2021ರ ಎಫ್‌ಪಿ-30ಎಕ್ಸ್‌ನಲ್ಲಿ ಅದು 256 ಆಯಿತು. ಎಲ್ಲಿ ಏನು ಬದಲಾಗಿದೆ, ಅದು ನಮ್ಮ ಮಗುವಿಗೆ ಬೇಕೇ ಎಂದು ನೋಡಿಕೊಂಡರಾಯಿತು.

ಎಂಟು ದಿನ ಬಿಟ್ಟು ಹೋದಾಗ ಅಂಗಡಿಯಲ್ಲಿ ಹಳೆಯ ಮಾದರಿ ಒಂದೇ ಉಳಿದಿತ್ತು. ಅದೂ ಬಂದವರೆಲ್ಲ ಬಾರಿಸಿ ನೋಡುತ್ತಿದ್ದ ಪ್ರದರ್ಶನದ್ದು. ಮಗಳು ಕೂತು 88 ಕೀಗಳನ್ನೂ ಒಂದೊಂದಾಗಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿದಳು. ಅಂಗಡಿಯವನು ಗಡಿಯಾರ ನೋಡಿದ. ಅವಳು ಅವಸರ ಮಾಡಲಿಲ್ಲ. ನಡುವಿನ ಒಂದು ಕೀ ಎಷ್ಟು ಮೆಲ್ಲಗೆ ಒತ್ತಿದರೂ ಕೂಗುತ್ತಿತ್ತು. “ರಬ್ಬರು ಪಟ್ಟಿ” ಎಂದಳು ನಮ್ಮ ಕಡೆ ತಿರುಗಿ. ಪಟ್ಟಿ ಬದಲಿಸಿ ಕೊಡಬೇಕು, ಗ್ಯಾರಂಟಿ ಇಂದಿನ ತಾರೀಖಿನಿಂದ ಎಂದು ಬಿಲ್ಲಿನ ಮೇಲೆ ಬರೆಯಬೇಕು ಎಂದೆವು. ಅಂಗಡಿಯವನು ಮೊದಲು ಗೊಣಗಿದರೂ ಒಪ್ಪಿದ. ಮರುವಾರ ಪಿಯಾನೋ ಮನೆಗೆ ಬಂತು, ಕೀ ಸರಿಯಾಗಿತ್ತು.

ಈಗ ಅದು ಅಪ್ಪನ ಪೇಟಿಯ ಪಕ್ಕದಲ್ಲಿದೆ. ಬಂದ ದಿನ ಅವ್ವ ಹತ್ತಿರ ಕೂತು, “ಕರಿ ಐದು ಹಿಡಿ ನೋಡೂಣು” ಎಂದಳು. ಮಗಳಿಗೆ ಪೇಟಿಯವರ ಆ ಲೆಕ್ಕ ತಿಳಿಯದು. ಅವ್ವನೇ ಕೈ ಹಿಡಿದು ಕೀ ತೋರಿಸಿಕೊಟ್ಟಳು. ಆಮೇಲೆ ಎಷ್ಟೋ ವರ್ಷಕ್ಕೆ ಅವಳ ದನಿ ನಮ್ಮ ಮನೆಯಲ್ಲಿ ಕೇಳಿತು. ಬೇಸಗೆಯಲ್ಲಿ ಗದಗಿಗೆ ಹೋಗಿ ಮಾಳಿಗೆ ಮಾಡಿಸಿ ಬಂದೆವು.

ನಿಮ್ಮ ಮನೆಯಲ್ಲಿಯೂ ಇಂಥ ಪ್ರಸಂಗ ಬಂದರೆ, ಬೆಲೆ ಕೇಳುವ ಮೊದಲು ದುರಸ್ತಿ ಮಾಡುವವರ ವಿಳಾಸ ಕೇಳಿರಿ. ಅಂಗಡಿಯವನು “ಇಂದೇ” ಎಂದರೆ ಒಂದು ವಾರ ತಡೆಯಿರಿ. ಬಾರಿಸುವ ಮಗುವಿನ ಬೆರಳಿಗೇ ಪರೀಕ್ಷೆಯನ್ನು ಬಿಡಿರಿ.