ತೊಳೆದ ಮೇಲೆ ಅದು ಎನ್95 ಅಲ್ಲ ಸ್ವಾಮೀ

"ತೊಳೆದು ಬಳಸಬಹುದಾದ ಎನ್95" ಅಂತ ಪ್ಯಾಕೆಟ್ಟಿನ ಮೇಲೆ ಬರೆದು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಕೊಳ್ಳುವವರ ಮೇಲೆ ಸಿಟ್ಟಿಲ್ಲ. ದುಡ್ಡು ಕೊಟ್ಟು ತಂದದ್ದನ್ನು ಎಸೆಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ಆದರೆ ಮಾರುವವನಿಗೆ ತಾನೇನು ಮಾರ್ತಿದೀನಿ ಅಂತ ಗೊತ್ತಿರಬೇಕಲ್ವಾ?

ಬಹಳ ಜನ ಮಾಸ್ಕು ಅಂದರೆ ಜರಡಿ ಅಂದುಕೊಂಡಿದ್ದಾರೆ. ಅಲ್ಲ ಮಾರಾಯ್ರೇ. ಮಾಮೂಲಿ ಎನ್95ರ ನಡುವಿನ ಪದರ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯಲ್ಲಿ ಊದಿ ಮಾಡಿದ ನವಿರು ಎಳೆಗಳ ಹಾಸು. ಎಳೆಗಳ ನಡುವಿನ ಸಂದುಗಳು 0.3 ಮೈಕ್ರಾನಿನ ಕಣಕ್ಕಿಂತ ಎಷ್ಟೋ ದೊಡ್ಡವು. ಹಾಗಿದ್ದೂ ಅಂಥ ಕಣಗಳಲ್ಲಿ ಕನಿಷ್ಠ 95% ಸಿಕ್ಕಿಬೀಳಬೇಕಾದರೆ ಎಳೆಗಳಲ್ಲಿ ಕೂತಿರೋ ವಿದ್ಯುತ್ ಚಾರ್ಜು ಬೇಕೇ ಬೇಕು. ಚಾರ್ಜಿಲ್ಲದ ಧೂಳನ್ನೂ ಅದರ ಕ್ಷೇತ್ರ ಧ್ರುವೀಕರಿಸಿ ಎಳೆದುಕೊಳ್ಳುತ್ತೆ. ಉಸಿರಾಡೋಕೆ ಜಾಗ ಬಿಟ್ಟೂ ಕಣ ಹಿಡಿಯೋ ಗುಟ್ಟು ಇದು.

ಇಂಥ ವಸ್ತುವಿಗೆ ಎಲೆಕ್ಟ್ರೆಟ್ ಅಂತ ಹೆಸರು. 1885ರಲ್ಲೇ ಆಲಿವರ್ ಹೆವಿಸೈಡ್ ಇಟ್ಟದ್ದು. ಆಮೇಲೆ ಜಪಾನಿನ ಎಗುಚಿ ಮೇಣ, ರಾಳ ಕರಗಿಸಿ, ವಿದ್ಯುತ್ ಕ್ಷೇತ್ರದೊಳಗೇ ಆರಲು ಬಿಟ್ಟು ಮಾಡಿ ತೋರಿಸಿದ. 1962ರಲ್ಲಿ ಬೆಲ್ ಲ್ಯಾಬ್ಸಿನ ಸೆಸ್ಲರ್ ಮತ್ತು ವೆಸ್ಟ್ ತೆಳು ಪ್ಲಾಸ್ಟಿಕ್ ಹಾಳೆಯ ಎಲೆಕ್ಟ್ರೆಟ್ಟನ್ನು ಮೈಕಿಗೆ ತಂದರು. ಪುಸ್ತಕಗಳು ಇದನ್ನು ಅಯಸ್ಕಾಂತಕ್ಕೆ ಹೋಲಿಸಿ "ಶಾಶ್ವತ" ಅನ್ನುತ್ತವೆ. ಈ ಪದವೇ ಎಡವಟ್ಟು! ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ನಿಜ. ಸೋಪಿನ ಬಕೆಟ್ಟಿನಲ್ಲಿ ಉಳಿಯಲ್ಲ.

2020ರಲ್ಲಿ ಮಾಸ್ಕಿಗೆ ಸ್ಯಾನಿಟೈಸರ್ ಸಿಂಪಡಿಸಿ ಬಿಸಿಲಿಗೆ ಹಾಕಿ ಅಂತ ವಾಟ್ಸಾಪಿನಲ್ಲಿ ಉಪದೇಶ ಮಾಡಿದ ಪಂಡಿತರಿಗೂ ಒಂದು ಮಾತು. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್ಒ 16890 ಅನ್ನೋ ಮಾನಕ ಇದೆ. ಚಾರ್ಜು ಹೋದರೆ ಫಿಲ್ಟರ್ ಎಷ್ಟು ಕೆಲಸ ಮಾಡುತ್ತೆ ಅಂತ ನೋಡೋಕೆ ಅದರಲ್ಲಿ ಬೇಕಂತಲೇ ಐಸೊಪ್ರೊಪೈಲ್ ಆಲ್ಕೋಹಾಲಿನ ಆವಿ ಹಾಯಿಸುತ್ತಾರೆ. ಅಲ್ಲಿ ಚಾರ್ಜು ಅಳಿಸೋಕೆ ಬಳಸೋದೂ ಅದೇ, ನಮ್ಮ ಎಷ್ಟೋ ಸ್ಯಾನಿಟೈಸರ್ ಬಾಟಲಿಯಲ್ಲಿರೋದೂ ಅದೇ!

ತೊಳೆದ ಮಾಸ್ಕು ನೋಡೋಕೆ ಹೊಸದರ ಹಾಗೇ ಇರುತ್ತೆ, ಉಸಿರೂ ಸರಾಗ. ಮೋಸ ಇರೋದೇ ಅಲ್ಲಿ. ಕ್ಷಯದ ವಾರ್ಡಿನ ನರ್ಸಮ್ಮ, ಕಲ್ಲು ಕೊರೆಯೋ ಕೂಲಿಯವನು ಅದನ್ನು ನಂಬಿ ಒಳಗೆ ಹೋಗುತ್ತಾರೆ.

ಚಾರ್ಜನ್ನು ನೆಚ್ಚದ ಬೇರೆ ತಂತ್ರ ನಿಮ್ಮ ಮಾಸ್ಕಿನಲ್ಲಿದ್ದರೆ ಸಂತೋಷ, ಅದನ್ನೇ ಬರೀರಿ. ಎಷ್ಟು ಸಲ ತೊಳೆದ ಮೇಲೆ ಎಷ್ಟು ಶೇಕಡಾ ಕಣ ಹಿಡಿಯಿತು ಅನ್ನೋ ಅಂಕಿಯನ್ನೂ ಪ್ಯಾಕೆಟ್ಟಿನ ಮೇಲೇ ಹಾಕಿ. ಇಲ್ಲವಾದರೆ "ತೊಳೆಯಬಹುದು" ಅನ್ನೋ ಪದ ಕಿತ್ತುಹಾಕಿ.