ಎಷ್ಟು ಟನ್ ಎನ್ನುವ ಮೊದಲು ಮಾಳಿಗೆ ನೋಡಿ

‘ನಮ್ಮ ಖೋಲಿ ಹತ್ತು ಬೈ ಹನ್ನೆರಡು ಐತಿ. ಒಂದು ಟನ್ ಸಾಕೋ, ಒಂದೂವರೆ ಬೇಕೋ?’ ಬೇಸಿಗೆ ಬಂತೆಂದರೆ ಎ.ಸಿ. ಕೊಳ್ಳಹೊರಟವರ ಮೊದಲ ಪ್ರಶ್ನೆ ಇದು. ಅಂಗಡಿಯವರು ಒಂದೂವರೆಯನ್ನೇ ತೋರಿಸಿದರೆ ಆಶ್ಚರ್ಯವಿಲ್ಲ. ದೊಡ್ಡದು ಕೊಟ್ಟರೆ ‘ತಂಪೇ ಆಗಲಿಲ್ಲ’ ಎಂಬ ತಕರಾರು ಬರುವುದಿಲ್ಲವಲ್ಲ! ಆದರೆ ಖೋಲಿಯ ಅಳತೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಉಳಿದರ್ಧ ತಲೆಯ ಮೇಲಿದೆ.

ಟನ್ ಎಂದರೆ ಯಂತ್ರದ ತೂಕವಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿ ಅದು. ವಾಟ್ ಲೆಕ್ಕದಲ್ಲಿ 3,500ರಷ್ಟು. ಸಾಮಾನ್ಯ ಎತ್ತರದ 100ರಿಂದ 120 ಚದರ ಅಡಿಯ ಖೋಲಿಗೆ ಒಂದು ಟನ್, 150–180 ಚದರ ಅಡಿಗೆ ಒಂದೂವರೆ ಎನ್ನುವುದು ರೂಢಿಯ ಲೆಕ್ಕ. ಮೇಲೊಂದು ಮಹಡಿ ಇದ್ದರೆ ಇದು ಸರಿ. ಹಾಲಿಗೂ ಅಡುಗೆಮನೆಗೂ ನಡುವೆ ಬರೀ ಪರದೆ ಇದ್ದರೆ ಎರಡನ್ನೂ ಕೂಡಿಸಿಯೇ ಅಳೆಯಬೇಕು.

ಬೆಳಗಾವಿಯ ಬೀಗರು ಹೇಳುವ ಲೆಕ್ಕವನ್ನು ನಮ್ಮ ಅಥಣಿ–ರಾಯಬಾಗದ ಕಡೆಗೆ ತರಬೇಡಿ. ಬೆಳಗಾವಿ ಶಹರ ಘಟ್ಟದ ಸೆರಗಿನಲ್ಲಿದೆ. ನಿಪ್ಪಾಣಿ, ಚಿಕ್ಕೋಡಿ ದಾಟಿ ರಾಯಬಾಗ, ಕಾಗವಾಡ, ಅಥಣಿಯತ್ತ ಹೋದಂತೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಎ.ಸಿ.ಯ ಮೇಲೆ ಬರೆದ ಸಾಮರ್ಥ್ಯವಾದರೋ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ಹೊರಗಿನ ಬಿಸಿ ಏರಿದಷ್ಟೂ ಅದು ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬರಿ ಸ್ಲ್ಯಾಬು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಫ್ಯಾನೇ ಸಾಕಾಗುತ್ತಿತ್ತು. ಕಾಂಕ್ರೀಟಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಿಂದ ಮಧ್ಯರಾತ್ರಿಯವರೆಗೂ ಆ ಕಾವನ್ನು ಕೆಳಗೆ ಬಿಡುತ್ತದೆ. ಅಂದರೆ ನಾವು ಎ.ಸಿ. ಹಚ್ಚಿ ಮಲಗುವ ಹೊತ್ತಿಗೇ ಅದರ ಆಟ ಜೋರು. ಅಂಥ ಖೋಲಿ 120 ಚದರ ಅಡಿಯದಾದರೂ ಒಂದು ಟನ್ ಒದ್ದಾಡುತ್ತದೆ. ಪಡುವಣದ ಗೋಡೆಗೆ ಬಿಸಿಲು ಬೀಳುತ್ತಿದ್ದರೆ ಇನ್ನೂ ಕಷ್ಟ. ಪತ್ರಾಸಿನ ಮನೆಗಂತೂ ಒಳಗೊಂದು ಫಾಲ್ಸ್ ಸೀಲಿಂಗ್ ಹಾಕಿಸದೆ ಎ.ಸಿ. ತರುವುದು ದುಡ್ಡಿನ ದಂಡ.

ಹಾಗೆಂದು ಒಂದೂವರೆಗೆ ಜಿಗಿಯುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮಾರ್ಚ್‌ಗೆ ಮುಂಚೆ ಮಾಳಿಗೆಗೆ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಸಿ. ಪಡುವಣದ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿ. ಅನೇಕ ಸಣ್ಣ ಖೋಲಿಗಳಿಗೆ ಆಮೇಲೆ ಒಂದೇ ಟನ್ ಸಾಕಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಗಾಳಿಯನ್ನು ಬೇಗ ತಣಿಸಿ ನಿಂತುಬಿಡುತ್ತದೆ, ತೇವ ತೆಗೆಯಲು ಅದಕ್ಕೆ ವೇಳೆಯೇ ಸಿಗುವುದಿಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಊರುಗಳಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಮೈ ಅಂಟಂಟಾಗುವಾಗ ಇದರ ತೊಂದರೆ ತಿಳಿಯುತ್ತದೆ. ಇನ್ವರ್ಟರ್ ಯಂತ್ರ ವೇಗ ತಗ್ಗಿಸಿಕೊಂಡು ಸಂಭಾಳಿಸುತ್ತದೆ, ಅದಕ್ಕೂ ಒಂದು ಮಿತಿಯುಂಟು. ಒಣ ಬಿಸಿಲಿನ ಅಥಣಿ ಕಡೆ ಏಪ್ರಿಲ್‌ವರೆಗೆ ಕೂಲರೇ ಸಾಕೆನಿಸಿದರೆ ಅದೂ ತಪ್ಪಲ್ಲ.

ಅಂಗಡಿಯಲ್ಲಿ ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. ಅದೇ ಲೇಬಲ್ಲಿನಲ್ಲಿ ವಾಟ್ ಸಾಮರ್ಥ್ಯವೂ, 1,600 ಗಂಟೆ ಓಡಿಸಿದರೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬುದೂ ಇರುತ್ತದೆ. 800 ಎಂದಿದ್ದರೆ ಗಂಟೆಗೆ ಅರ್ಧ ಯೂನಿಟ್. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 120. ನಮ್ಮ ಬೇಸಿಗೆಗೆ ಇನ್ನಷ್ಟು ಸೇರಿಸಿಕೊಳ್ಳಿ. ಫ್ರಿಜ್, ಟಿ.ವಿ., ಮೋಟಾರಿನ ಬಳಕೆಯ ಜೊತೆ ಇದನ್ನು ಕೂಡಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಹೆಸ್ಕಾಂಗೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು.