ಮೊಸಳೆ ನಿಜ, ತಾರೀಖು ಸುಳ್ಳು

ವಡೋದರಾದಲ್ಲಿ ಇದ್ದೇನೆ ಅಂದರೆ ಊರಿನವರು ಮೊದಲು ಕೇಳುವುದು ಮೊಸಳೆಯ ವಿಚಾರ. ತಪ್ಪೇನಲ್ಲ. ಪಾವಾಗಢದ ಬೆಟ್ಟದಲ್ಲಿ ಹುಟ್ಟುವ ವಿಶ್ವಾಮಿತ್ರಿ ನದಿ ನಮ್ಮ ನಗರದ ನಡುವೆಯೇ ಹರಿಯುತ್ತದೆ, ಅದರಲ್ಲಿ ನೂರಾರು ಮೊಸಳೆಗಳಿವೆ. ಚಳಿಗಾಲದಲ್ಲಿ ಸೇತುವೆಯ ಮೇಲೆ ಬೈಕ್ ನಿಲ್ಲಿಸಿದರೆ ದಂಡೆಯಲ್ಲಿ ಬಿಸಿಲು ಕಾಯಿಸುತ್ತ ಮಲಗಿದ್ದು ಕಾಣುತ್ತದೆ. ನಮ್ಮ ಕಡೆ ಜನ ರಸ್ತೆಯಲ್ಲಿ ಮಲಗಿದ ಎಮ್ಮೆಯನ್ನು ನೋಡಿದಂತೆ ಇಲ್ಲಿನವರು ಅದನ್ನು ನೋಡಿ ಮುಂದೆ ಹೋಗುತ್ತಾರೆ.

2024ರ ಆಗಸ್ಟ್ 26, ಜನ್ಮಾಷ್ಟಮಿ. ಮಳೆ ಹಿಡಿದದ್ದು ಬಿಡಲಿಲ್ಲ. ಸಯಾಜಿರಾವ್ ಗಾಯಕ್‌ವಾಡರ ಕಾಲದ ಆಜ್ವಾ ಜಲಾಶಯ ತುಂಬಿ, ನದಿಯ ನೀರು 25 ಅಡಿಯ ಅಪಾಯದ ಗುರುತು ದಾಟಿ 37 ಅಡಿಯವರೆಗೆ ಏರಿತು. ನಾವಿರುವ ಸಮಾ ಕಡೆಯ ಸೊಸೈಟಿಗೆ ಮಂಗಳವಾರ ಸಂಜೆ ನೀರು ನುಗ್ಗಿತು. ನೆಲಮನೆಯ ಕಾಕಾ-ಕಾಕಿಯನ್ನು ಕೈಹಿಡಿದು ಮೊದಲ ಮಹಡಿಗೆ ಹತ್ತಿಸಿದೆವು. ಕಾಕಾಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಗಡಿಬಿಡಿಯಲ್ಲಿ ಬ್ಯಾಂಕ್ ಪಾಸ್‌ಬುಕ್, ಬಟ್ಟೆ, ಮನೆದೇವರ ಫೋಟೋ ಎಲ್ಲ ಮೇಲೆ ಬಂದವು. ಇನ್ಸುಲಿನ್ ಮಾತ್ರ ಫ್ರಿಜ್ಜಿನಲ್ಲೇ ಉಳಿಯಿತು. ಕರೆಂಟ್ ತೆಗೆದಿದ್ದರು. ಬೆಳಗ್ಗೆ ಇಣುಕಿದರೆ ಫ್ರಿಜ್ಜು ಮಗುಚಿ ನೀರಲ್ಲಿ ತೇಲುತ್ತಿತ್ತು.

ಬುಧವಾರ ಮಧ್ಯಾಹ್ನ ಸೊಸೈಟಿಯ ಇಬ್ಬರು ಕಾಲೇಜು ಹುಡುಗರು ತಾವೇ ಮುಂದೆ ಬಂದರು. ಸೊಂಟಮಟ್ಟದ ನೀರಿನಲ್ಲಿ ಹಗ್ಗ ಕಟ್ಟಿಕೊಂಡು ಎತ್ತರದ ರಸ್ತೆಯವರೆಗೆ ಹೋದರೆ ಅಲ್ಲೊಂದು ಮೆಡಿಕಲ್ ಸ್ಟೋರ್ ತೆರೆದಿದೆಯೆಂದು ಸುದ್ದಿ ಬಂದಿತ್ತು. ಅದೇ ಹೊತ್ತಿಗೆ ನನ್ನ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಬಂತು, ಜೊತೆಗೇ ಒಂದು ವೀಡಿಯೊ. ಕಾಲೊನಿಯ ನೀರಿನಲ್ಲಿ ಮೊಸಳೆಯೊಂದು ಸದ್ದಿಲ್ಲದೆ ನಾಯಿಯ ಕಡೆ ಸರಿಯುತ್ತಿದೆ. ಕೆಳಗೆ ಗುಜರಾತಿಯಲ್ಲಿ ಬರಹ: ಸಮಾ, ಈಗಷ್ಟೇ.

ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದೆಂಬ ತಡೆಯನ್ನು ವಾಟ್ಸ್ಯಾಪ್ 2020ರಲ್ಲೇ ಹಾಕಿದೆ. ಇದು ನನಗೆ ಚೆನ್ನಾಗಿ ಗೊತ್ತು, ಆಫೀಸಿನಲ್ಲಿ ಹೊಸಬರಿಗೆ ಇಂಥದ್ದರ ಮೇಲೆ ಪಾಠ ಮಾಡುವವನೇ ನಾನು. ಜೋಡಿ ಬಾಣದ ಗುರುತು ಕಣ್ಣೆದುರಿಗೇ ಇತ್ತು. ತಡೆಯಿದೆಯಲ್ಲ ಎಂದು ಎರಡು ಸಲ ಒತ್ತಿದೆ: ಒಮ್ಮೆ ಊರಿನ ಮನೆಮಂದಿಯ ಗುಂಪಿಗೆ, ಒಮ್ಮೆ ಸೊಸೈಟಿಯ ಗುಂಪಿಗೆ. ಆಮೇಲೆ ಸಿಗ್ನಲ್ ಹೋಯಿತು.

ಐದು ನಿಮಿಷದಲ್ಲಿ ಹುಡುಗರ ತಾಯಂದಿರು ಮೆಟ್ಟಿಲ ಮೇಲೆ ಅಡ್ಡ ನಿಂತರು. ಹಗ್ಗ ಬಿಚ್ಚಿಟ್ಟಾಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಕಾಕಾ ಅಂತೂ, 'ಬೇಡ ಬೇಡ, ಮಕ್ಕಳನ್ನು ಕಳಿಸಬೇಡಿ' ಎಂದು ಕೈಮುಗಿದರು. ರಾತ್ರಿ ಅವರಿಗೆ ನೀರಡಿಕೆ ಹೆಚ್ಚಾಯಿತು, ಎರಡೆರಡು ನಿಮಿಷಕ್ಕೆ ಏಳುತ್ತಿದ್ದರು. ಗ್ಲುಕೋಮೀಟರ್ 430 ತೋರಿಸಿತು. ಸುತ್ತ ಕುಡಿಯುವ ನೀರಿಗೂ ಲೆಕ್ಕ. ಕಾಕಿ ಬೀಸಣಿಗೆ ಹಿಡಿದು ಕೂತೇ ಇದ್ದರು. ನಾನೂ ಮಲಗಲಿಲ್ಲ, ಆಗಿನ್ನೂ ಕಾರಣ ಬೇರೆ.

ಗುರುವಾರ ಬೆಳಗ್ಗೆ ಮೇಲಿನ ಮನೆಯವರ ಇನ್ವರ್ಟರಿನಲ್ಲಿ ಉಳಿದಿದ್ದ ಒಂದಿಷ್ಟು ಜೀವ ನನ್ನ ಫೋನಿಗೂ ಸಿಕ್ಕಿತು. ಅವ್ವನ ಧ್ವನಿ ಸಂದೇಶ ಬಂದು ಕೂತಿತ್ತು. ಅವಳು ಕೃಷ್ಣಾ ದಂಡೆಯ ಹಳ್ಳಿಯವಳು, ಮೊಸಳೆ ಅವಳಿಗೆ ಹೊಸದಲ್ಲ. 'ಯಾಕೋ ತಮ್ಮಾ, ಇದು ನೀ ಹಿಂದ ಬಾಡಿಗಿ ಮನ್ಯಾಗ ಇದ್ದಾಗ ಕಳ್ಸಿದ್ದ ವಿಡಿಯೋ ಅಲ್ಲೇನೋ? ಆ ನಾಯಿ ಅದ, ಆ ಗ್ವಾಡಿ ಅದ. ನನ್ನ ಫೋನಿನ್ಯಾಗ ಇನ್ನೂ ಐತಿ. ಮತ್ತ ಅದನ್ನ ಕಳ್ಸೀಯಲ್ಲ?'

ಮೇಲಕ್ಕೆ, ಮೇಲಕ್ಕೆ ಹುಡುಕಿದೆ. ಇತ್ತು. 2019ರ ನೆರೆಯಲ್ಲಿ ತೆಗೆದದ್ದು, ಅವ್ವನಿಗೆ ನಾನೇ ಕಳಿಸಿದ್ದು. ಅವಳು ಯಾವುದನ್ನೂ ಅಳಿಸುವುದಿಲ್ಲ, ಫೋನ್ ತುಂಬಿತೆಂದು ನಾನು ರೇಗಿದ್ದಕ್ಕೆ ಲೆಕ್ಕವಿಲ್ಲ.

ಗುಂಪಿನಲ್ಲಿ ಅಳಿಸಿದೆ, 'ಅದು ಹಳೆಯದು, ಕ್ಷಮಿಸಿ' ಎಂದು ಬರೆದೆ. ಎರಡು ಹೆಬ್ಬೆರಳು ಬಂದವು. ವೀಡಿಯೊ ಅಷ್ಟರಲ್ಲಿ ಪಕ್ಕದ ಮೂರು ಸೊಸೈಟಿ ದಾಟಿತ್ತು. ಮಧ್ಯಾಹ್ನ ಟ್ರ್ಯಾಕ್ಟರಿನಲ್ಲಿ ಕುಡಿಯುವ ನೀರು, ಹಾಲು ಬಂತು, ಅದರಲ್ಲೇ ಇನ್ಸುಲಿನ್ನೂ ಬಂತು. ಕರೆಂಟಿಲ್ಲದ ಮನೆಯಲ್ಲಿ ಕಾಕಿ ಅದನ್ನು ಡಬ್ಬಿಯಲ್ಲಿಟ್ಟು ಮಣ್ಣಿನ ಗಡಿಗೆಯಲ್ಲಿ ಇಳಿಬಿಟ್ಟರು.

ಗೆಳೆಯರಿಗೆ ಹೇಳಿದರೆ ಎಲ್ಲರದ್ದೂ ಒಂದೇ ಸಮಾಧಾನ: ಮೊಸಳೆ ಬಂದದ್ದು ನಿಜ ತಾನೇ? ನಿಜವೇ. ಆಗಸ್ಟ್ 27ರಿಂದ 29ರ ನಡುವೆ ಅರಣ್ಯ ಇಲಾಖೆಯವರು ಜನವಸತಿಯಿಂದ 24 ಮೊಸಳೆಗಳನ್ನು ಹಿಡಿದರು. ಹುಡುಗರು ಹೋಗಿದ್ದರೆ ಒಂದು ಎದುರಾಗುತ್ತಿತ್ತೋ ಏನೋ. ಆದರೆ ಹೋಗುವುದೋ ಬಿಡುವುದೋ ಎಂದು ಅವರು ತೂಗಿ ನೋಡಬೇಕಿತ್ತು, ನಾನು ತಕ್ಕಡಿಗೆ ಐದು ವರ್ಷ ಹಳೆಯ ಮೊಸಳೆ ಹಾಕಿದೆ. ಊರು ಸರಿ, ನದಿ ಸರಿ, ಪ್ರಾಣಿಯೂ ಸರಿ. ಇಂಥ ಸುಳ್ಳನ್ನು ಹಿಡಿಯುವುದು ಕಷ್ಟ. ವಾಟ್ಸ್ಯಾಪ್ ತೋರಿಸುವುದು ನಮ್ಮ ಕೈಗೆ ಬಂದ ಗಳಿಗೆಯನ್ನು, ತೆಗೆದ ದಿನವನ್ನಲ್ಲ. ಇಪ್ಪತ್ತು ಗಂಟೆ ಸಿಗ್ನಲ್ಲಿಲ್ಲದೆ ಕೂತವನಿಗೆ ಕೈಗೆ ಬಂದದ್ದೆಲ್ಲ 'ಈಗ'ದ್ದೇ.

ಫೋನನ್ನೇ ದೂರುವುದೂ ಬೇಡ. 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗ್ ಸುದ್ದಿ ಕೇಳಿ ಸೂರತ್‌ನಿಂದ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ.

ಕಾಕಾ ಈಗ ಹುಷಾರಾಗಿದ್ದಾರೆ. ಫ್ರಿಜ್ಜು ಹೊಸದು, ಕಾಲಿಗೆ ನಾಲ್ಕು ಇಟ್ಟಿಗೆ. ಭಾನುವಾರ ನಾನು ಕೆಳಗಿಳಿದರೆ ಜೋಕಾಲಿಯಲ್ಲಿ ಜಾಗ ಮಾಡಿಕೊಟ್ಟು, ವಾರವೆಲ್ಲ ಬಂದ ವೀಡಿಯೊಗಳನ್ನು ಒಂದೊಂದೇ ತೋರಿಸುತ್ತಾರೆ. 'ಜೋ ಬೇಟಾ, ಸಾಚು ಛೇ?' ಕಂಪ್ಯೂಟರ್ ಕಲಿತವನಿಗೆ ನಿಜ-ಸುಳ್ಳು ತಿಳಿಯುತ್ತದೆಂದು ಅವರ ನಂಬಿಕೆ. ಅವತ್ತಿನ ಮೊಸಳೆಯನ್ನು ಕಳಿಸಿದ್ದು ಯಾರೆಂದು ಅವರು ಒಮ್ಮೆಯೂ ಕೇಳಿಲ್ಲ. ಆ ಗುಂಪಿನಲ್ಲಿ ಅವರೂ ಇದ್ದಾರೆ.